ನಾಕೂ ಆಳು

ಕೆ.ಆರ್. ಪೇಟೆ
ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿ
19-8-1999, ಗುರುವಾರ

ದೀಪಾ,

ಈ ಕಾಗದವನ್ನ ನಿಮ್ಮೂರಿನ ಕುರಿ ಕೆಂಪಣ್ಣ ತಂದು ಕೊಡುತ್ತಾನೆ. ನಿಮ್ಮಪ್ಪನ ಎದುರಿಗೆ ಒಡೆಯಬೇಡ. ಕೊಟ್ಟಿಗೆ ಕಡೆ ಹೋಗಿ ಓದು. ಕೆಂಪಣ್ಣ ಇಲ್ಲಿ ಕೊಂಡ ಕುರಿಗಳನ್ನ ಟೆಂಪೋಗೆ ಹತ್ತಿಸುತ್ತಿದ್ದಾನೆ. 'ಬ್ಯಾಗ ಬರ್ಕೊಡ್ಲಾ, ನಿನ್ ಪುರಾಣ ಮುಗಿಯೋಗಂಟ ಕುರಿ ನಿಂತಿರಾಕಿಲ್ಲ' ಅಂದ. ಅದಕ್ಕೇ ಅಕ್ಷರ ಹೀಗೆ ಓಡಿದೆ. 

ಮೊದಲು ನಾನು ಕ್ಷೇಮ ಅಂತ ಬರೆಯಬೇಕು. ಬರೆಯೋಕೆ ಆಗುತ್ತಿಲ್ಲ.

ಯುಗಾದಿ ಕಳೆದು ನೀನು ಬಟ್ಟೆ ಗಂಟು ಕಟ್ಟಿಕೊಂಡು ಹೊರಟ ದಿನ ಬಾಗಿಲಲ್ಲಿ ನಿಂತು ಒಂದು ಮಾತು ಅಂದೆಯಲ್ಲ, 'ಮೊದ್ಲು ಹಾಳಾಗು, ಆಮ್ಯಾಕೆ ನೋಡಾನ' ಅಂತ. ಯಾವತ್ತೂ 'ನೀವು' ಅನ್ನೋಳು ಅವತ್ತು ಏಕವಚನಕ್ಕೆ ಇಳಿದಿದ್ದೆ. ಅದಕ್ಕೆ ಮುಂಚೆ ನಾನು ಆಲೆಮನೆ ಬಿಟ್ಟು ಲಾರಿ ಕ್ಲೀನರ್ ಆದೆ, ಅದನ್ನ ಬಿಟ್ಟು ಶ್ರೀರಂಗಪಟ್ಟಣದ ಪ್ರೆಸ್ಸಿಗೆ ಹೋದೆ, ಅದನ್ನೂ ಬಿಟ್ಟು ಮನೇಲಿ ಕೂತೆ. ನೀನು ಅಂದದ್ದು ತಪ್ಪು ಅಂತ ನಾನು ಹೇಳಲ್ಲ. ಆದರೆ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿದೆ. ಇವತ್ತು ಅದು ನಿಜವಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪಾಂಡವಪುರದಲ್ಲಿ ಕೆಲಸಕ್ಕೆ ಸೇರಿದ್ದು ನಿನಗೆ ಗೊತ್ತು. ಏನು ಕೆಲಸ ಅಂತ ಗೊತ್ತಿಲ್ಲ. ಚಿಕ್ಕಸ್ವಾಮಿ ಅಣ್ಣನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಈಗ ಕಂಪ್ಯೂಟರ್ ಸೆಂಟರ್ ಆಗಿದೆ. ಗುಡಿಸೋದು, ಹುಡುಗರಿಗೆ ಮಿಷನ್ ಹಚ್ಚಿಕೊಡೋದು, ಇವೇ ನನ್ನ ಕೆಲಸ. ಅಣ್ಣ ಒಳ್ಳೆಯವನು. ಬಾಯಿ ಮಾತ್ರ ಜೋರು. ಅವನ ತಾಯಿ ಮಂಚಮ್ಮ ನನಗೂ ಮುದ್ದೆ ಹಾಕುತ್ತಾಳೆ. ಸೆಂಟರಿನ ಹಿಂದೆ ಒಂದು ಕೋಣೆ ಇದೆ. ಗೌರಿ ಹಬ್ಬ ಕಳೆದ ಮೇಲೆ ನಿನ್ನನ್ನ ಕರೆತಂದರೆ ಆ ಕೋಣೆ ನಮಗೆ ಅಂತ ಅಣ್ಣ ಹೇಳಿದ್ದ. ಮಂಚಮ್ಮ ಸುಣ್ಣ ಹೊಡೆಸಿ, ಒಲೆ ಕೂಡ ಹೂಡಿಸಿದ್ದಾಳೆ. ಇದನ್ನ ನಾನೇ ಬಂದು ಹೇಳಬೇಕು ಅಂತ ಬಚ್ಚಿಟ್ಟುಕೊಂಡಿದ್ದೆ. ಈಗ ಆ ಕೋಣೆಗೆ ನಿನ್ನನ್ನ ಹೇಗೆ ಕರೆಯಲಿ?

ಬೆಂಗಳೂರಿನಲ್ಲಿರೋ ಅಣ್ಣನ ಬಾಮೈದನ ಆಫೀಸಿನವರು ಒಂದು ಹಳೇ ದೊಡ್ಡ ಕಂಪ್ಯೂಟರ್ ತೆಗೆದುಹಾಕಿದರು. ಬಾಮೈದ ಅದನ್ನ ತಂದು ಇಲ್ಲಿಟ್ಟು, 'ನೋಡ್ಕೊಂಡಿರಿ, ಕೇಳ್ದಾಗ ಕೊಡಿ' ಅಂದ. ಮಾಮೂಲಿ ಕಂಪ್ಯೂಟರಿಗೆ ಒಂದು ತಲೆ. ಇದಕ್ಕೆ ನಾಲ್ಕು. ತಲೆ ಅಂದರೆ ಒಳಗಡೆ ಲೆಕ್ಕ ಮಾಡುವ ಚಿಪ್ಪು. ಟೈಪಿಂಗ್ ಕಲಿಯೋ ಹುಡುಗರಿಗೆ ನಾಲ್ಕು ತಲೆ ಯಾಕೆ? ಸುಮ್ಮನೆ ಬಿದ್ದಿತ್ತು.

ಅಷ್ಟರಲ್ಲಿ ಅಣ್ಣ ಒಂದು ಪತ್ರಿಕೆಯಲ್ಲಿ ಓದಿದ. ಹೊರದೇಶದ ಒಂದು ಯೂನಿವರ್ಸಿಟಿಯವರು ದೊಡ್ಡ ಬಾಣಲೆಯಂಥ ಆಂಟೆನಾದಲ್ಲಿ ಆಕಾಶದಿಂದ ಬರುವ ಸದ್ದು ಹಿಡಿಯುತ್ತಾರಂತೆ. ಆ ಗದ್ದಲದೊಳಗೆ ಬೇರೆ ಗ್ರಹದವರು ಯಾರಾದರೂ ನಮ್ಮನ್ನ ಕೂಗಿದ ದನಿ ಇದೆಯಾ ಅಂತ ಜರಡಿ ಹಿಡಿಯಬೇಕು. ಅಷ್ಟು ಕೆಲಸ ಅವರೊಬ್ಬರಿಂದ ಆಗಲ್ಲ. ತುಂಡು ತುಂಡು ಮಾಡಿ ಲೋಕದ ಜನಕ್ಕೆಲ್ಲ ಹಂಚುತ್ತಾರೆ. ಸುಮ್ಮನಿರುವ ಕಂಪ್ಯೂಟರಿನಲ್ಲಿ ಆ ತುಂಡನ್ನ ಸೋಸಿ ವಾಪಸ್ ಕೊಡಬೇಕು. ಕೂಲಿ ಇಲ್ಲ. ನಾಟಿಗೆ ಒಬ್ಬರ ಗದ್ದೆಗೆ ಒಬ್ಬರು ಮುಯ್ಯಾಳು ಹೋಗ್ತೀವಲ್ಲ, ಹಾಗೆ. ನಾನು ಹೀಗಂದಿದ್ದಕ್ಕೆ ಅಣ್ಣ ತೊಡೆ ತಟ್ಟಿಕೊಂಡು ನಕ್ಕ. ಅವತ್ತಿನಿಂದ ಆ ಪ್ರೋಗ್ರಾಮಿಗೆ ನಮ್ಮ ಸೆಂಟರಿನಲ್ಲಿ 'ಆಳು' ಅಂತಲೇ ಹೆಸರು. ಮಂಚಮ್ಮ ಬಾಗಿಲಲ್ಲಿ ಇಣುಕಿ, 'ಏನ್ಲಾ ತಿಮ್ಮೇಶ, ನಿನ್ ಆಳ್ಗೆ ಉಣ್ಣಾಕಿಕ್ಬ್ಯಾಡ್ವ?' ಅಂತಾಳೆ. 'ಕರೆಂಟು ಉಂತವೆ ಕಣವ್ವ' ಅಂದರೆ, 'ನಮ್ಮೋರ್ಗಿಂತ ವಾಸಿ, ಎಲೆಡಿಕೆ ಕೇಳಾಕಿಲ್ಲ' ಅಂತಾಳೆ.

ಒಂದು ಸಲ ಪ್ರೋಗ್ರಾಂ ಓಡಿಸಿದರೆ ಒಂದೇ ತಲೆ ಗೇಯುತ್ತೆ. ಉಳಿದ ಮೂರು ಬದುವಿನ ಮೇಲೆ ಕೂತು ಬೀಡಿ ಸೇದುತ್ತವೆ. ಎರಡನೇ ಸಲ ಅದೇ ಫೋಲ್ಡರಿನಿಂದ ಓಡಿಸಿದರೆ ಒಬ್ಬ ನೆಟ್ಟ ಪೈರನ್ನ ಇನ್ನೊಬ್ಬ ತುಳಿಯುತ್ತಾನೆ. ಅದಕ್ಕೆ ನಾಲ್ಕು ಬೇರೆ ಬೇರೆ ಫೋಲ್ಡರ್ ಮಾಡಿ, ಆಳು ಒಂದು, ಆಳು ಎರಡು ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಕೊಟ್ಟು, ಒಬ್ಬೊಬ್ಬನನ್ನೂ ಒಂದೊಂದು ತಲೆಗೆ ಕಟ್ಟಿದೆ. ಕರೆಂಟು ಹೋಗಿ ಬಂದರೂ ನಾಲ್ಕೂ ತಾವೇ ಏಳಲಿ ಅಂತ ನಾಲ್ಕರ ಹೆಸರನ್ನೂ ಅಣ್ಣ ಒಂದು ಕಡೆ ಟೈಪ್ ಮಾಡಿಟ್ಟ. ಮೂರು ಎದ್ದವು. ನಾಲ್ಕನೆಯದು ಏಳಲೇ ಇಲ್ಲ. 'ನಾಕೂ ಆಳಾಗೋಗಂಟ ಬುಡಾಕಿಲ್ಲ' ಅಂತ ಅಣ್ಣ ಹಟಕ್ಕೆ ಬಿದ್ದ.

ದೀಪಾ, ನಾನು ಒಂದು ಕಡೆ ಇಷ್ಟು ದಿನ ನಿಂತದ್ದು ಇದೇ ಮೊದಲು. ಬೆಳಿಗ್ಗೆ ಎದ್ದರೆ ಇನ್ನೆಲ್ಲಿಗೆ ಹೋಗಲಿ ಅಂತ ಕಾಲು ಕೆರೆಯುತ್ತಿರಲಿಲ್ಲ. ಆಳುಗಳು ಎಷ್ಟು ಸೋಸಿದವು ಅಂತ ನೋಡೋಕೆ ಓಡುತ್ತಿದ್ದೆ.

ನಮ್ಮ ಸೆಂಟರಿನಲ್ಲಿ ಇಂಟರ್‌ನೆಟ್ ಇಲ್ಲ. ಮುಗಿದ ತುಂಡುಗಳನ್ನ ಫ್ಲಾಪಿಗೆ ಹಾಕಿಕೊಂಡು, ಊಟದ ಡಬ್ಬಿಯಲ್ಲಿಟ್ಟು ಮೈಸೂರಿಗೆ ಒಯ್ದು, ಅಲ್ಲಿ ಅಣ್ಣನ ಸ್ನೇಹಿತರ ಅಂಗಡಿಯಿಂದ ಕಳಿಸಿ, ಹೊಸ ತುಂಡು ತರುತ್ತಿದ್ದೆ. ಇವತ್ತು ಬೆಳಿಗ್ಗೆಯೂ ಹಾಗೇ ಹೊರಟೆ. 'ನೀನ್ ಓಗ್ಬಾ, ನಾಕ್ನೇದ್ನ ನಾನ್ ನೋಡ್ಕತೀನಿ' ಅಂದ ಅಣ್ಣ.

ಇನ್ನು ಬರೆಯೋದನ್ನ ಬರೆಯಬಾರದು ಅಂತಿದ್ದೆ. ಬರೆಯದಿದ್ದರೆ ನನಗೆ ಯಾಕಿಷ್ಟು ಭಯ ಅಂತ ನಿನಗೆ ತಿಳಿಯಲ್ಲ.

ಆಳುಗಳು ಗೇಯ್ದಷ್ಟೂ ಪೆಟ್ಟಿಗೆ ಕಾಯುತ್ತೆ. ಕಾವು ಹೆಚ್ಚಾದರೆ ಒಳಗಿನಿಂದ ಪೀಂ ಪೀಂ ಅನ್ನುತ್ತೆ. ಆ ಸದ್ದು ಬಂದರೆ ಆರಿಸು ಅಂತ ಅಣ್ಣ ಹೇಳಿದ್ದ. ಇವತ್ತು ಬೆಳಿಗ್ಗೆ ಅಣ್ಣ ಸ್ನಾನಕ್ಕೆ ಹೋಗಿದ್ದಾಗ ಕೂಗೋಕೆ ಶುರುವಾಯಿತು. ಆರಿಸಿದರೆ ಮೂವರೂ ಅರ್ಧಕ್ಕೆ ಕೆಲಸ ಬಿಡುತ್ತಾರೆ. ನಾನು ಮಗ್ಗುಲಿನ ತಗಡು ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟು, ಕೂಗೋ ತಂತಿಯನ್ನ ಕಿತ್ತುಬಿಟ್ಟೆ. ಸದ್ದು ನಿಂತಿತು. ಆ ಕ್ಷಣಕ್ಕೆ ಎಷ್ಟು ಹಾಯಾಗಿತ್ತು ಅಂದರೆ, ಬಸ್ಸಿನಲ್ಲಿ ನಿದ್ದೆ ಕೂಡ ಮಾಡಿದೆ.

ಎಚ್ಚರವಾದಾಗ ಕಾವೇರಿ ಸೇತುವೆ ಮೇಲಿದ್ದೆ. ಕರೆಂಟು ಹೋಗಿ ಫ್ಯಾನ್ ನಿಂತರೆ? ಕಂಪ್ಯೂಟರಿಗೆ ಸ್ವಲ್ಪ ಹೊತ್ತಿನ ಬ್ಯಾಟರಿ ಇದೆ, ಫ್ಯಾನಿಗಿಲ್ಲ. ಒಳಗೆ ಬೇಯುತ್ತಿದ್ದರೂ ಅದು ಕೂಗಲ್ಲ. ಅದರ ಬಾಯನ್ನ ನಾನೇ ಕಟ್ಟಿ ಬಂದಿದ್ದೇನೆ. ಆಗ ಶುರುವಾದ ಬೆವರು ಇನ್ನೂ ಆರಿಲ್ಲ.

ಮೈಸೂರಲ್ಲಿ ಕೆಲಸ ಮುಗಿಸಿ ಬೂತಿನಿಂದ ಫೋನ್ ಮಾಡಿದೆ. ಮಂಚಮ್ಮ ತೆಗೆದಳು. ಹಿಂದೆ ಅಣ್ಣ ಕಿರುಚುತ್ತಿದ್ದುದು ಕೇಳಿಸಿತು. 'ಕಂಪ್ಯೂಟರ್ ಏನಾಯ್ತವ್ವ?' ಅಂದೆ. ಮಂಚಮ್ಮ ಅಂದದ್ದು ಇಷ್ಟು: 'ನಾಕೂ ಹಾಳಾಗವೆ ಅಂತ ಏಳು ಅಂದ ಕಣಪ್ಪ. ಕಾದು ಕೆಂಡ ಆಗೈತೆ. ಕೂಗಾಡ್ತಾವ್ನೆ ನೋಡು. ಎಲ್ಲಿದ್ರೂ ಬರೇಳು ಅಂತಾವ್ನೆ.' ಮುಂದೆ ಏನೋ ಅಂತಿದ್ದಳು. ನಾನೇ ಫೋನ್ ಇಟ್ಟುಬಿಟ್ಟೆ.

ಆಮೇಲೆ ಯಾವ ಬಸ್ಸು ಹತ್ತಿದೆ ಅಂತ ನೋಡಲಿಲ್ಲ. ಅದು ಕೆ.ಆರ್. ಪೇಟೆ ಬಸ್ಸು. ಶ್ರೀರಂಗಪಟ್ಟಣ ದಾಟಿದ ಮೇಲೆ ಹೊಳೆಯಿತು, ಇದು ಪಾಂಡವಪುರದ ಮೇಲೇ ಹೋಗುತ್ತೆ ಅಂತ. ಇಳಿಯೋಕೆ ಧೈರ್ಯ ಬರಲಿಲ್ಲ. ನಮ್ಮ ಸೆಂಟರಿನ ಬೋರ್ಡು ಕಂಡ ಕೂಡಲೇ ಸೀಟಿನ ಕೆಳಗೆ ಬಗ್ಗಿಬಿಟ್ಟೆ. ಪಕ್ಕದಲ್ಲಿದ್ದ ಒಬ್ಬ ಹೆಂಗಸು, 'ಏನ್ ಕಳ್ಕಂಡ್ಯಪ್ಪ?' ಅಂದಳು. 'ಚಪ್ಲಿ ಕಣವ್ವ' ಅಂದೆ. 'ಕಾಲಲ್ಲೇ ಐತಲ್ಲಪ್ಪ' ಅಂದಳು. ಹಿಂದಿನ ಸೀಟಿನವರು ನಕ್ಕರು. ಬಸ್ಸು ಅಲ್ಲಿ ಯಾಕೋ ನಿಂತೇ ಇತ್ತು. ನನ್ನ ಎದೆ ಬಡಿತ ಆ ಹೆಂಗಸಿಗೆ ಕೇಳಿಸಿರಬೇಕು. ಅವಳು ತನ್ನ ಚೀಲವನ್ನ ಮಡಿಲಿಗೆ ಎಳೆದುಕೊಂಡಳು. ನನ್ನನ್ನ ಕಳ್ಳ ಅಂದುಕೊಂಡಳು ದೀಪಾ.

ಇಲ್ಲಿ ಬಂದು ಕೂತಾಗಿನಿಂದ ಪಾಂಡವಪುರದ ಕಡೆಯಿಂದ ಬರೋ ಬಸ್ಸುಗಳನ್ನೇ ನೋಡುತ್ತಿದ್ದೇನೆ. ಒಂದೊಂದರಿಂದಲೂ ಅಣ್ಣ ಇಳಿದ ಹಾಗೆ ಕಾಣುತ್ತೆ. ಈಗ ತಾನೇ ಒಬ್ಬ ಪೊಲೀಸಿನವನು ಟೀ ಕುಡಿಯೋಕೆ ಬಂದ. ನಾನು ಎದ್ದು ಬೆಂಚು ಬಿಟ್ಟುಕೊಟ್ಟೆ. 'ಕೂತ್ಕಳಯ್ಯ, ನಾನೇನ್ ನಿಮ್ಮಾವನಾ?' ಅಂದ. ನಗೋಕೆ ಹೋದೆ, ತುಟಿ ಅಂಟಿಕೊಂಡಿತ್ತು. ಬ್ಯಾಗಿನಲ್ಲಿ ಹೊಸ ತುಂಡಿನ ಫ್ಲಾಪಿಗಳಿವೆ. ಇವನ್ನೂ ಕದ್ದು ಓಡಿದ ಅಂತಾರಾ? ಆ ಕಂಪ್ಯೂಟರ್ ಪರರ ಒಡವೆ ದೀಪಾ, ಬಾಮೈದ ನಂಬಿ ಇಟ್ಟದ್ದು. ಅಣ್ಣ ಅವನಿಗೆ ಏನು ಮುಖ ತೋರಿಸುತ್ತಾನೆ? ತಂತಿ ಕಿತ್ತಿರೋದು ಕಂಡ ಮೇಲೆ ನನ್ನನ್ನ ಸುಮ್ಮನೆ ಬಿಡುತ್ತಾನಾ?

ಅರಸೀಕೆರೆಗೆ ಹೋದರೆ ರೈಲು ಸಿಗುತ್ತೆ. ಹುಬ್ಬಳ್ಳಿಯೋ ಬೊಂಬಾಯಿಯೋ, ಎಲ್ಲಿಗಾದರೂ ಹೋಗಬಹುದು. ಇಲ್ಲಾ ನಾಗಮಂಗಲದ ಬಸ್ಸು ಹತ್ತಿ ನಿಮ್ಮೂರಿಗೆ ಬರಬೇಕು. ಬಂದರೆ ನಿಮ್ಮಪ್ಪ ಹುಚ್ಚಣ್ಣ ಮಾವ ಜಗಲಿ ಮೇಲಿಂದಲೇ, 'ಓ, ಬಂದ್ರಾ? ಈ ಸಲ ಎಲ್ಲಿ ಬುಟ್ಟು ಬಂದ್ರಿ?' ಅಂತಾರೆ. ಅದಕ್ಕೂ ಹೆದರಿಕೆಯೇ. ಆದರೂ ನೀನು ಬಾ ಅಂದರೆ ಬರುತ್ತೇನೆ. ಬೇಡ ಅಂದರೆ, ಈ ಕಾಗದವನ್ನ ಒಲೆಗೆ ಹಾಕು. ಕೆಂಪಣ್ಣ ನಾಳೆ ಮತ್ತೆ ಇಲ್ಲಿಗೆ ಬರುತ್ತಾನಂತೆ, ಅವನ ಬಾಯಲ್ಲಿ ಹೇಳಿ ಕಳಿಸು.

ನೀನಂದ ಹಾಗೆ ಹಾಳಾದೆ. ಇನ್ನು ನೋಡೋದು ಏನಿದ್ದರೂ ನಿನಗೆ ಬಿಟ್ಟದ್ದು.

ಎಲ್ಲೂ ನಿಲ್ಲಲಾರದ ನಿನ್ನ ಗಂಡ
ತಿಮ್ಮೇಶ

ತಾ.ಕ.: ಕಾಗದ ಮಡಿಸಿ ಕೊಟ್ಟಿದ್ದೆ, ವಾಪಸ್ ಇಸಿದುಕೊಂಡು ಇದನ್ನ ಬರೆಯುತ್ತಿದ್ದೇನೆ. ಕೆಂಪಣ್ಣ ನನ್ನ ಮುಖ ನೋಡಿ, 'ಏನ್ಲಾ, ಎಣ ಬುಟ್ ಬಂದೋನಂಗಿದ್ದೀಯ' ಅಂತ ಬಿಡದೆ ಕೇಳಿದ. ಹೇಳಿದೆ. 'ಓಡೋಗೋನು ಒಂದ್ ಫೋನ್ ಮಾಡಿ ಓಡೋಗ್ಲಾ' ಅಂತ ಕುತ್ತಿಗೆ ಹಿಡಿದು ಬೂತಿಗೆ ತಳ್ಳಿದ. ಈ ಸಲ ಅಣ್ಣನೇ ಎತ್ತಿದ.

'ಎಲ್ ಸತ್ತೋದ್ಲಾ? ನಾಕೂ ಆಳಾಗವೆ, ಒಸಾ ತುಂಡು ತಕಂಬಾ ಅಂತ ಅವ್ವನ ಕೈಲಿ ಏಳಿಸುದ್ರೆ ಫೋನ್ ಮಡಗ್ಬುಡೋದಾ? ಆಳ್ಗೊಳು ಕೆಲ್ಸ ಇಲ್ದೆ ಬಾಯ್ ಬಾಯ್ ಬುಡ್ತಾವೆ. ಅಯ್ಯೋ ನಿನ್ನ, ನಾಕ್ನೇ ಫೋಲ್ಡರ್ ಎಸ್ರಿಗೆ ಮುಂದುಕ್ಕೊಂದು ಇಂಗ್ಲಿಷ್ ಎಚ್ಚು ಯಾಕ್ಲಾ ಆಕಿದ್ದೆ? ಮೂರು ಆಳು, ಇನ್ನೊಂದು ನಿಜ್ವಾಗ್ಲೂ ಆಳು. ಎಚ್ಚು ಕಿತ್ತಾಕ್ದೆ, ನಾನ್ ಬರ್ದಿಟ್ಟಿದ್ ಎಸ್ರಿಗೆ ಕೂಡ್ತು, ಎದ್ದು ಕೂತ್ಕತು. ಕುಣುದಾಡ್ಬುಟ್ಟೆ ಕಣ್ಲಾ.' ಆಮೇಲೆ ದನಿ ಇಳಿಸಿ, 'ತಂತಿ ವಿಚಾರ ಬಂದ್ಮ್ಯಾಕೆ ಮಾತಾಡಾನ' ಅಂದ. ಆ ಹೆದರಿಕೆ ಇನ್ನೂ ಇದೆ. ಆದರೂ ಪಾಂಡವಪುರದ ಬಸ್ಸಿಗೆ ಹೋಗುತ್ತಿದ್ದೇನೆ.

ಹತ್ತನೇ ಕ್ಲಾಸಿನಲ್ಲಿ ಕನ್ನಡದ ಮೇಷ್ಟ್ರು ನನ್ನ ಬಾಯಲ್ಲಿ ಹಕಾರವೇ ಇಲ್ಲ ಅಂತ ಬೆಂಚಿನ ಮೇಲೆ ನಿಲ್ಲಿಸಿದ್ದ ಕಥೆ ನಿನಗೆ ಹೇಳಿದ್ದೆನಲ್ಲ. ಅವತ್ತಿನಿಂದ ಸಂಶಯ ಬಂದ ಕಡೆಯೆಲ್ಲ ಹ ಹಾಕೋದು ನನ್ನ ಚಾಳಿ. 'ಅಕ್ಕಂಗೆ ಹಕ್ಕ ಅಂತ ಬರ್ದಿದ್ದೀರಲ್ಲ' ಅಂತ ನೀನೇ ನಕ್ಕಿದ್ದೆ. ಮಂಚಮ್ಮನ ಬಾಯಲ್ಲಿ ಹ ಎಲ್ಲಿತ್ತು? ನಾನೇ ಹಾಕಿಕೊಂಡು ಓಡಿದೆ. ಮೇಲೆ ಅವಳ ಮಾತು ಬರೆದಿರುವ ಕಡೆ ಹ ಹೊಡೆದುಹಾಕಿ ಓದಿಕೋ.

ದೀಪಾ, ಇನ್ನೊಂದು ಕಡೆಯೂ ನಾನು ಹ ಹಾಕಿ ಬರೆದಿದ್ದೇನೆ. ಬಾಗಿಲಲ್ಲಿ ನಿಂತು ನೀನು ಅಂದ ಮಾತು, 'ಮೊದ್ಲು ಹಾಳಾಗು' ಅಂತ. ಅದರಲ್ಲಿ ಹ ಇತ್ತಾ, ಇರಲಿಲ್ಲವಾ? ಇಷ್ಟು ದಿನ ಇತ್ತು ಅಂತಲೇ ತಿಳಿದಿದ್ದೆ. ಈಗ ಗೊತ್ತಾಗುತ್ತಿಲ್ಲ. ಕಂಪ್ಯೂಟರಿಗೆ ಹೆದರಿದ್ದಕ್ಕಿಂತ ಇದನ್ನ ಕೇಳೋಕೆ ಹೆಚ್ಚು ಹೆದರಿಕೆ. ಕೆಂಪಣ್ಣನ ಬಾಯಲ್ಲಿ ಹೇಳಿ ಕಳಿಸಬೇಡ, ಅವನ ಬಾಯಲ್ಲೂ ಹ ಇಲ್ಲ. ಸೆಂಟರಿನ ವಿಳಾಸಕ್ಕೆ ಒಂದು ಕಾರ್ಡಿನಲ್ಲಿ ಒಂದೇ ಅಕ್ಷರ ಬರೆದು ಹಾಕು. ಹಾ ಅಥವಾ ಆ.