ಗರುಡ, ಇಂದ್ರಾಯಣಿ, ರತ್ನಾ

ಕಂಕನಾಡಿ, ಮಂಗಳೂರು
೧೮ ಮಾರ್ಚ್ ೧೯೮೯

ಪ್ರೀತಿಯ ರತ್ನಾ,

ಅಕ್ಷರ ನೋಡಿ ಬಾಲವಾಡಿಯ ಮಗು ಬರೆದದ್ದೆಂದು ಬಿಸಾಡಬೇಡ. ನಾನೇ, ನಿನ್ನ ವಾರಿಜಾ. ಬಲಗೈ ಇನ್ನೂ ಪ್ಲಾಸ್ಟರಿನಲ್ಲಿದೆ, ಎಡಗೈಯಲ್ಲಿ ಗೀಚುತ್ತಿದ್ದೇನೆ. ಐದು ವಾರ ತಡವಾದದ್ದಕ್ಕೆ ಕೈಯನ್ನು ದೂರುವುದಿಲ್ಲ. ಮೂರು ಸಲ ಬರೆದು ಮೂರು ಸಲ ಹರಿದೆ. ನಿನ್ನ ಕುತ್ತಿಗೆಯ ಹೊಲಿಗೆ ಬಿಚ್ಚಿದರು, ಗಂಜಿ ನುಂಗುತ್ತೀ ಎಂದು ನಮ್ಮ ಕಂಪ್ಯೂಟರ್ ಸೆಂಟರಿನ ಯೂಸುಫ್ ಪುಣೆಯಿಂದ ಬಂದು ಹೇಳಿದ ದಿನ ಅಡುಗೆಮನೆಯ ನೆಲದಲ್ಲಿ ಕುಳಿತು ಅತ್ತುಬಿಟ್ಟೆ. ಅಮ್ಮ ಗಾಬರಿಯಾಗಿ ಹಾಲು ಉಕ್ಕಿಸಿದಳು.

ಇಲ್ಲಿ ಏನು ನಡೆಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿರಲಾರರು. ಮೊದಲಿನಿಂದ ಹೇಳುತ್ತೇನೆ, ಸಿಟ್ಟು ಬಂದರೆ ನಿಲ್ಲಿಸಿ ಆಮೇಲೆ ಓದು.

ನಿನ್ನ ಗಂಡನೆನಿಸಿಕೊಂಡ ತಾರಾನಾಥ ಕಾದ ಎಣ್ಣೆಯ ಸೌಟನ್ನು ನಿನ್ನ ಬೆನ್ನಿಗೆ ಒತ್ತಿದ ವಾರ ನೀನು ಪುಣೆಗೆ ಓಡಿದೆಯಲ್ಲ, ಆಗಲೇ ನಾನು ಹೇಳಿದ್ದೆ, ಅಂಚೆಯಲ್ಲಿ ಬರೆಯಬೇಡ, ಪಂಪ್‌ವೆಲ್ಲಿನ ನಿನ್ನ ಗಂಡನ ಹೋಟೆಲಿನಲ್ಲಿ ಚಾ ಕುಡಿಯದ ಪೋಸ್ಟ್‌ಮ್ಯಾನ್ ಈ ಊರಲ್ಲಿಲ್ಲ ಎಂದು. ನಮ್ಮ ಸೆಂಟರಿನ ಕಂಪ್ಯೂಟರಿನಿಂದಲೇ ಬರೆಯುತ್ತೇನೆ ಎಂದವಳು ನಾನು. ಎಷ್ಟು ಜಂಭವಿತ್ತು ನನಗೆ! ಇಂಗ್ಲಿಷ್ ಅಕ್ಷರದಲ್ಲಿ ತುಳು ಬರೆದು ಫೋನಿನ ತಂತಿಗೆ ಬಿಟ್ಟರೆ ಬೊಂಬಾಯಿಯ 'ಗರುಡ' ಎಂಬ ಮೆಷಿನ್ ಎತ್ತಿಕೊಂಡು ಪುಣೆಯ ನಿಮ್ಮ ಆಫೀಸಿನ ಮೆಷಿನ್ 'ಇಂದ್ರಾಯಣಿ'ಗೆ ದಾಟಿಸಬೇಕು. ನಮ್ಮ ನೆಟ್‌ವರ್ಕಿನ ಕ್ರಮ ಗೊತ್ತಲ್ಲ, ವಿಳಾಸವೆಂದರೆ ದಾರಿ. ಮೊದಲು ಯಾವ ಮೆಷಿನ್, ಆಮೇಲೆ ಯಾವುದು, ಕೊನೆಗೆ ಯಾರು, ಎಲ್ಲವನ್ನೂ ಸಾಲಾಗಿ ಬರೆಯಬೇಕು. ನಿಮ್ಮ ಕಡೆಯ ನೆಟ್‌ವರ್ಕಿಗೆ ಯಾರು, ಯಾವ ಮೆಷಿನ್ ಎಂದರೆ ಸಾಕು, ದಾರಿ ಬೇಡ. ಎರಡೂ ಕೂಡುವ ಜಾಗದಲ್ಲಿ ಗರುಡ ಒಮ್ಮೊಮ್ಮೆ ತಲೆ ಕೆಟ್ಟವನಂತೆ ಪತ್ರವನ್ನು ಇಡಿಯಾಗಿ ತಿರುಗಿಸಿ ಕಳಿಸುತ್ತಿದ್ದ. ಹಾಗೆ ವಾಪಸಾದದ್ದೆಲ್ಲ ಬೆಳಿಗ್ಗೆ ನಮ್ಮ ಪ್ರಿಂಟರಿನಲ್ಲಿ ಉದ್ದಕ್ಕೆ ಅಚ್ಚಾಗಿ ಬೀಳುತ್ತಿತ್ತು.

ಆ ಹಾಳೆಗಳನ್ನು ನಾನು ಹರಿದು ಹಾಕಲಿಲ್ಲ. ಮನೆಗೆ ತರುತ್ತಿದ್ದೆ. "ಹಿಂದೆ ಪೂರಾ ಖಾಲಿ ಉಂಟಲ್ಲ ಮಗಾ, ಬಿಸಾಡುದು ಯಾಕೆ? ಪೂಜೆಯ ಪಟ್ಟಿ ಬರಿಲಿಕ್ಕೆ ಆಗ್ತದೆ" ಎಂದು ಅಪ್ಪ ಕೇಳಿದ್ದರು. ಪೌರೋಹಿತ್ಯದ ಮನೆಯಲ್ಲಿ ಹುಟ್ಟಿದ ಮೇಲೆ ಕಾಗದ ಬಿಸಾಡಲು ಕೈ ಬರುವುದಿಲ್ಲ. ಅಪ್ಪನಿಗೆ ಇಂಗ್ಲಿಷ್ ಬಾರದು, ಆ ಕಡೆ ಏನಿದೆಯೆಂದು ಅವರು ನೋಡಿದವರೂ ಅಲ್ಲ. ನೋಡಿ ಆರಿಸಬೇಕಾದವಳು ನಾನು. ಫೆಬ್ರವರಿಯಲ್ಲಿ ನಿನ್ನ ಅತ್ತೆ ಸುಂದರಿಯಮ್ಮ ಅಪ್ಪನನ್ನು ಕರೆಸಿ, "ಸೊಸೆ ಮನೆಗೆ ಬರ್ಲಿಕ್ಕೆ ಎಂತಾದ್ರೂ ಒಂದು ಪೂಜೆ ಮಾಡಿಸಿ ಭಟ್ರೇ" ಎಂದರಂತೆ. ಅಪ್ಪ ಚೀಲದಿಂದ ಒಂದು ಹಾಳೆ ತೆಗೆದು ಬರೆದುಕೊಟ್ಟರು. ಅಕ್ಕಿ ಎರಡು ಸೇರು, ತೆಂಗಿನಕಾಯಿ ಐದು, ವೀಳ್ಯದೆಲೆ, ಅಡಿಕೆ ಹೂವಿನ ಸಿಂಗಾರ. ಅದರ ಬೆನ್ನಿಗೆ ನಾನು ನಿನಗೆ ಬರೆದ ಪತ್ರ, ನಿನ್ನ ಹೆಸರು, ಗರುಡ, ಇಂದ್ರಾಯಣಿ.

ಮರುದಿನ ಅಪ್ಪ ದಾರಿಯಲ್ಲಿ ಸಿಕ್ಕಿದಾಗ ಸುಂದರಿಯಮ್ಮ, "ಪೂಜೆಗೆ ಮೊದಲೇ ಫಲ ಸಿಕ್ಕಿತು ಭಟ್ರೇ" ಎಂದು ಕೈ ಮುಗಿದರಂತೆ. ಪಾಪದ ಅಪ್ಪ ಖುಷಿಯಾಗಿ ಮನೆಗೆ ಬಂದಿದ್ದರು.

ಶುಕ್ರವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಹೊತ್ತಿಗೆ ತಾರಾನಾಥ ಸೆಂಟರಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಚೀಲ. ಚೀಲದಿಂದ ಹೋಟೆಲಿನ ಕಾಯಿ ಒಡೆಯುವ ಕತ್ತಿ ತೆಗೆದು ನನ್ನ ಕೀಬೋರ್ಡಿನ ಪಕ್ಕ ಇಟ್ಟ. ಅಪ್ಪ ಬರೆದುಕೊಟ್ಟ ಹಾಳೆ ಬಿಡಿಸಿ, "ಈ ಗರುಡ ಅಂದ್ರೆ ಎಂತ? ಇಂದ್ರಾಯಣಿ ಯಾವ ಊರಲ್ಲಿ ಉಂಟು?" ಎಂದು ಕೇಳಿದ. ಮೆಷಿನಿನ ಹೆಸರಿನಿಂದ ಊರು ತಿಳಿಯುವುದಿಲ್ಲವಲ್ಲ. ಮಂಗಳೂರಿನಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಅವನು ಹೊರಟಾಗ ನನ್ನ ಬಲಗೈಯ ಮೂರು ಬೆರಳು ಮುರಿದಿದ್ದವು. ಮೇಜಿನ ಕಬ್ಬಿಣದ ಡ್ರಾವರಿಗೆ ಇಡೀ ಕೈ ತೂರಿಸಿ, ಕಾಲಿನಿಂದ ಒದ್ದು ಒದ್ದು ಮುಚ್ಚಿದ. ಎಲುಬು ಮುರಿಯುವ ಶಬ್ದ ಒಣ ಕಡ್ಡಿಯದ್ದೇ.

ಆಮೇಲೆ ಎಡಗೈಯ ಒಂದು ಬೆರಳಿನಲ್ಲಿ ನಿನಗೆ ಟೈಪ್ ಮಾಡಿದೆ. 'ಆಯೆ ಬರೊಂದುಲ್ಲೆ, ಬಲಿಪು.' ಅವನು ಬರುತ್ತಿದ್ದಾನೆ, ಓಡು. ಅಷ್ಟೇ. ಕೀಬೋರ್ಡಿನ ಮೇಲೆಲ್ಲ ರಕ್ತ. ಕಳಿಸಿ ಕುರ್ಚಿಯಿಂದ ಬಿದ್ದೆ, ಊಟ ಮುಗಿಸಿ ಬಂದ ಯೂಸುಫ್ ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಪೊಲೀಸರು, "ಗಂಡ ಹೆಂಡತಿ ವಿಷಯ ಅಲ್ವಾ ಮಾರಾಯ" ಎಂದು ದೂರು ಕೊಡಲು ಹೋದ ಅವನನ್ನು ಸಾಗಹಾಕಿದರು. ಮರುದಿನ ಎರಡನೇ ಶನಿವಾರ, ರಜೆ. ಯೂಸುಫ್ ನನ್ನಿಂದ ಕೇಳಿಕೊಂಡು ಟ್ರಂಕ್ ಕಾಲ್ ಹಚ್ಚಿದರೆ ನಿಮ್ಮ ಆಫೀಸಿನ ಕಾವಲುಗಾರ ಮರಾಠಿಯಲ್ಲಿ ಬೈದು ಫೋನ್ ಇಟ್ಟ. ತಂತಿ ಕೊಡೋಣವೆಂದರೆ ನಿನ್ನ ಮನೆ ಎಲ್ಲೆಂದು ನನಗೇ ಗೊತ್ತಿರಲಿಲ್ಲ. ಗೊತ್ತಿರಬಾರದೆಂದು ನಾವೇ ಮಾಡಿಕೊಂಡ ಜಾಣತನ ಅದು.

ಸೋಮವಾರ ಪ್ರಿಂಟರಿನಲ್ಲಿ ಆ ಪತ್ರ ಬಿದ್ದಿತ್ತಂತೆ. 'ಇಂದ್ರಾಯಣಿ ಯಾರೆಂದು ತಿಳಿಯದು' ಎಂದು ಬರೆದು ಗರುಡ ಅದನ್ನೂ ತಿರುಗಿಸಿದ್ದ. ಅಷ್ಟು ಹೊತ್ತಿಗೆ ತಾರಾನಾಥ ಕ್ಯಾಂಟೀನಿನ ಕಡೆಯ ಸಣ್ಣ ಗೇಟಿನಲ್ಲಿ ನಿನಗೆ ಎರಡು ಏಟು ಹಾಕಿಯಾಗಿತ್ತು. ಮೂರನೆಯದಕ್ಕೆ ಕತ್ತಿ ಎತ್ತಿದಾಗ ಕ್ಯಾಂಟೀನಿನ ಹೆಂಗಸು ಕುದಿಯುವ ಸಾಂಬಾರನ್ನು ಅವನ ಮುಖಕ್ಕೆ ಎರಚಿದಳಂತೆ. ಆ ಪುಣ್ಯಾತ್ಗಿತ್ತಿಯ ಕೈ ನೂರು ವರ್ಷ ಗಟ್ಟಿಯಾಗಿರಲಿ. ಜೈಲಿನ ಆಸ್ಪತ್ರೆಯಲ್ಲಿ ಅವನ ಮುಖದ ಚರ್ಮ ಸುಲಿಯುತ್ತಿದೆಯೆಂದು ಕೇಳಿ ನನಗೆ ಸಂತೋಷವಾಯಿತು. ಪಾಪವಾದರೆ ಆಗಲಿ.

ಅಪ್ಪ ಖಾಲಿ ಬೆನ್ನಿನ ಹಾಳೆಗಳನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿ ಸುಟ್ಟರು. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ, ಆ ಮನೆಯ ಪೌರೋಹಿತ್ಯ ಬಿಟ್ಟಿದ್ದಾರೆ. ಊರಿನವರಿಗೆ ಮಾತ್ರ ನಾನು ದೊಡ್ಡ ಮನುಷ್ಯಳಾಗಿದ್ದೇನೆ. ಮಾರ್ಕೆಟಿನಲ್ಲಿ ಮೀನಿನ ಬರ್ನಡೆಟ್ ಬಾಯಮ್ಮ ನನ್ನ ಪ್ಲಾಸ್ಟರಿಗೆ ಮುತ್ತಿಟ್ಟು, "ಬೆರಳು ಮುರಿಯುವ ತನಕ ಬಾಯಿ ಬಿಡ್ಲಿಲ್ಲ ಅಲ್ವಾ ಇವಳು!" ಎಂದು ಎಲ್ಲರನ್ನೂ ಕರೆದು ತೋರಿಸಿದಳು. ನೀನೂ ಯೂಸುಫನ ಹತ್ತಿರ ಅದಕ್ಕೇ ಥ್ಯಾಂಕ್ಸ್ ಹೇಳಿ ಕಳಿಸಿದ್ದೀ.

ಬೇಗ ಗುಣವಾಗು ರತ್ನಾ. ನಿನ್ನ ಗಾಯ ಒಣಗಲಿ, ಆ ಕತ್ತಿ ಕನಸಿನಲ್ಲೂ ನಿನ್ನ ಹತ್ತಿರ ಸುಳಿಯದಿರಲಿ.

ನಿನ್ನ,
ವಾರಿಜಾ

ವಿ.ಸೂ.: ಕವರಿಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ಬೆರಳು ಮುರಿಯುವ ತನಕ ನಾನು ಬಾಯಿ ಮುಚ್ಚಿಕೊಂಡಿರಲಿಲ್ಲ. ಅವನು ಕತ್ತಿ ಮೇಜಿನ ಮೇಲೆ ಇಟ್ಟನಷ್ಟೇ, ನನ್ನನ್ನು ಮುಟ್ಟಿರಲಿಲ್ಲ. ನಾನು ಪುಣೆ ಎಂದೆ. ಆಫೀಸಿನ ಹೆಸರು ಹೇಳಿದೆ. ಕೇಳದೆ ಇದ್ದದ್ದನ್ನೂ ಹೇಳಿದೆ, ಒಂಬತ್ತು ಗಂಟೆಗೆ ಕ್ಯಾಂಟೀನಿನ ಸಣ್ಣ ಗೇಟಿನಿಂದ ಬರುತ್ತಾಳೆಂದು. ಬಿಸಿ ಚಾ ಸಿಗುವುದೇ ಆ ಗೇಟಿನ ಸುಖ ಎಂದು ನೀನು ನನಗೆ ಬರೆದಿದ್ದೆಯಲ್ಲ. ಎಲ್ಲ ಕೇಳಿಸಿಕೊಂಡು, "ಇನ್ನು ಅವಳಿಗೆ ಟೈಪ್ ಮಾಡ್ಬಾರ್ದು ನೀನು" ಎಂದು ಆಮೇಲೆ ಕೈ ಮುರಿದ. ನೀನು ಕಳಿಸಿದ ಥ್ಯಾಂಕ್ಸನ್ನು ಹತ್ತು ದಿನದಿಂದ ನಾನು ಇಟ್ಟುಕೊಂಡಿದ್ದೇನೆ. ಅದು ನನಗೆ ಬಂದದ್ದಲ್ಲ.