ಬಾಚಣಿಗೆ ನಿಂತರೆ ನಮ್ಮವರು

ಗುಂಜಾಳಿ, ಯಲ್ಲಾಪುರದ ಕಾಡು
ನೆಲಗಣತಿಯ ಮುನ್ನಾದಿನ, ಹೊಸ ಪಂಚಾಂಗದ ಹದಿನಾಲ್ಕನೆಯ ತಿಂಗಳು, ಕ್ರಿ.ಶ. ೨೨೯೧

ಗುಂಜಾಳಿ ಸಿದ್ದಿ ಸಂಘವನ್ನು ಹಿಂದೆ ಕಟ್ಟಿದ ಹಿರಿಯರಿಗೆ,

ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಮೊಮ್ಮಗಳು ನತಾಲಿನ್ ಬರೆಯುವ ಕಾಗದ. ನಿಮ್ಮ ಕಾಲದ ಕನ್ನಡ ನನಗೆ ಪೂರ್ತಿ ಬಾರದು. ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಒರಟಾಗಿ ಕೇಳಿಸಿದರೆ ಅದು ಭಾಷೆಯ ತಪ್ಪಲ್ಲ, ಬೇಕೆಂದೇ ಬರೆದದ್ದು.

ನಮ್ಮವರನ್ನು ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ತಂದರು, ಅವರು ತಪ್ಪಿಸಿಕೊಂಡು ಈ ಕಾಡು ಸೇರಿದರು. ಆ ಕಥೆ ನಿಮಗೂ ಗೊತ್ತು. ಬಸ್ಸಿನಲ್ಲಿ ನಿಮ್ಮ ಗುಂಗುರು ಕೂದಲು ನೋಡಿ ಯಾವ ದೇಶ ಎಂದು ಕೇಳುತ್ತಿದ್ದ ಮೂರ್ಖರೂ ಗೊತ್ತು. ಅಚ್ಚ ಕನ್ನಡದಲ್ಲಿ ಬೈದರೂ ಅವರು ಇಂಗ್ಲಿಷಿನಲ್ಲೇ ಮಾತಾಡಿಸುತ್ತಿದ್ದರಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅಷ್ಟಕ್ಕೂ ಅವರು ಯೋಗ್ಯರಲ್ಲ. ಸಿಟ್ಟು ನಿಮ್ಮ ಮೇಲೆ. ದೇವರು ಬೇರೆ ಬೇರೆಯಾದರೂ ಹಿಂದೂ, ಮುಸಲ್ಮಾನ, ಕ್ರೈಸ್ತ ಸಿದ್ದಿಗಳೆಲ್ಲ ಒಂದೇ ಚಾಪೆಯ ಮೇಲೆ ಕೂತು ಸಂಘ ಕಟ್ಟಿದಿರಿ. ಒಳ್ಳೆಯದೇ ಮಾಡಿದಿರಿ. ಆಮೇಲೆ ನಿಮಗೇನು ತಲೆ ಕೆಟ್ಟಿತ್ತೋ! ನಕಲಿಯವರು ನುಸುಳಬಾರದೆಂದು ಬಾಗಿಲಲ್ಲಿ ಬಾಚಣಿಗೆ ಹಿಡಿದು ನಿಲ್ಲುವ ಠರಾವು ಮಾಡಿದಿರಿ. ಕೂದಲಿಗೆ ಸಿಕ್ಕಿಸಿದ್ದು ನಿಂತರೆ ನಮ್ಮವರು, ಜಾರಿ ಬಿದ್ದರೆ ಹೊರಗೆ. ಊರವರು ನಮ್ಮನ್ನು ಹೀಯಾಳಿಸಿದ್ದೂ ಅದೇ ಕೂದಲಿಗೆ. ಅವರ ಕೆಲಸ ನೀವು ಪುಕ್ಕಟೆ ಮಾಡಿಕೊಟ್ಟಿರಿ. ಭೇಷ್!

ಈಗ ನಮ್ಮ ಪಾಡು ಕೇಳಿ. ನಾವು ಉಣ್ಣುವುದು ಪಾಚಿಯಂಬಲಿ, ತೊಟ್ಟಿಯಲ್ಲಿ ಬೆಳೆದ ಹಸಿರು ಪಾಚಿಯನ್ನು ಕುದಿಸಿ ಉಪ್ಪು ಹಾಕಿದ್ದು. ಮಕ್ಕಳು ಮೂಗು ಮುಚ್ಚಿಕೊಂಡು ಕುಡಿಯುತ್ತವೆ. ಬೆಟ್ಟದಾಚೆ ಮರನುಂಗಿಗಳು ನಿಂತಿವೆ. ಬೇರುಸಹಿತ ಮರ ಕಿತ್ತು ಹೊಟ್ಟೆಯೊಳಗೇ ಹಲಗೆ ಮಾಡುವ ಯಂತ್ರಗಳವು. ನಾಳೆ ನೆಲಗಣತಿ. ಸಂಘ ತನ್ನವರೆಂದು ಒಪ್ಪಿದ ಜನ ಸಾಕಷ್ಟಿದ್ದರೆ ಕಾಡು ನಮ್ಮದು, ಕಡಿಮೆಯಾದರೆ ಯಂತ್ರದ್ದು. ಎಲ್ಲರನ್ನೂ ಎಣಿಸಿದರೆ ಬೇಕಾದಷ್ಟು ಜನರಿದ್ದೇವೆ. ಬಾಚಣಿಗೆ ಹಿಡಿದರೆ ಅರ್ಧ ಊರು ಉದುರಿಹೋಗುತ್ತದೆ.

ನನ್ನ ಮೊಮ್ಮಗಳು ಸಾರವ್ವ ಕಳೆದ ಬೇಸಿಗೆಯಲ್ಲಿ ಮರನುಂಗಿಯ ಹಾದಿಗೆ ಅಡ್ಡ ಮಲಗಿದಳು. ಅದು ಹತ್ತಿರ ಬಂದಾಗ ಓಡಿದವರು ಬಹಳ, ಅವಳು ಏಳಲಿಲ್ಲ. ಅದು ತಾಗಿ ಮುರಿದ ಎಡಗಾಲು ಇವತ್ತಿಗೂ ನೆಟ್ಟಗಾಗಿಲ್ಲ. ಆದರೆ ಅವಳ ಅಪ್ಪ ದನ ಸಾಕುವ ಗೌಳಿಯವನು, ಅವಳ ಕೂದಲು ನೀರಿನ ಹಾಗೆ ನೆಟ್ಟಗೆ. ಮೊನ್ನೆ ಸಂಘದ ಸಭೆಯ ಬಾಗಿಲಲ್ಲಿ ಬಾಚಣಿಗೆ ಜಾರಿತು, ಹೋಗಮ್ಮ ಎಂದು ಕಳಿಸಿದರು. ಆ ಯಂತ್ರ ಓಡಿಸಿದ ಇನಾಸನ ತಲೆಯಲ್ಲಿ ಅದು ಗೂಟದ ಹಾಗೆ ನಿಂತಿತು. ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಚಹಾ ಕೊಟ್ಟರು. ಥೂ! ನಮ್ಮ ಜೊತೆಗೆ ನಿಂತು ಪೆಟ್ಟು ತಿಂದವಳು ಪರಕೀಯಳು, ಪೆಟ್ಟು ಕೊಟ್ಟವನು ರಕ್ತಸಂಬಂಧಿ. ನಿಮ್ಮ ಒಗ್ಗಟ್ಟಿಗಿಷ್ಟು ಬೆಂಕಿ ಹಾಕ. ಅವಳು ಮನೆಗೆ ಬಂದು ಅಳಲಿಲ್ಲ, ನನಗೇ ಅಳು ಬಂತು.

ನಾಳೆಗೆ ನಾವು ಬೇರೆ ಏರ್ಪಾಡು ಮಾಡಿದ್ದೇವೆ. ನಾನು ಮೊದಲು ಹೇಳಿದೆ, ಆಚೆಮನೆಯ ಫಾತುಬಿ ನಕ್ಕಳು, ಸಂಜೆ ಅವಳೇ ಮೊದಲು ಬಂದಳು. ಕೇರಿಯ ಹೆಂಗಸರೆಲ್ಲ ಈಗ ನನ್ನ ಅಂಗಳದಲ್ಲಿದ್ದಾರೆ. ಗಂಡಸರೂ ನಾಚುತ್ತ ಬೇಲಿಯ ಹತ್ತಿರ ನಿಂತಿದ್ದಾರೆ. ಎಲ್ಲರೂ ತಲೆ ಬೋಳಿಸಿಕೊಂಡೇ ಬಾಗಿಲಿಗೆ ಹೋಗುತ್ತೇವೆ. ಬಾಚಣಿಗೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಸಂಘದವರು ಎಲ್ಲರನ್ನೂ ಎಣಿಸಬೇಕು, ಇಲ್ಲವೇ ತಲೆ ಬೋಳಿಸಿಕೊಳ್ಳದ ಇನಾಸನೊಬ್ಬನನ್ನು ಎಣಿಸಿ ಕಾಡು ಕೊಟ್ಟುಬಿಡಬೇಕು. ಏನು ಮಾಡುತ್ತಾರೋ ತಿಳಿಯದು. ನನಗೆ ಭಯವಿದೆ.

ನಿಮ್ಮ ಠರಾವಿಗೆ ಇನ್ನೂ ಸಹಿ ಬಿದ್ದಿರದಿದ್ದರೆ ಹರಿದು ಹಾಕಿ. ಬಿದ್ದಿದ್ದರೂ ಹರಿಯಿರಿ. ಹಿರಿಯರಿಗೆ ನಮಸ್ಕಾರ ಬರೆದು ಮುಗಿಸುವುದು ರೂಢಿ, ನನಗೆ ಮನಸ್ಸಿಲ್ಲ. ಸಾರವ್ವ ಕ್ಷೌರದ ಕತ್ತಿ ಹಿಡಿದು ಕರೆಯುತ್ತಿದ್ದಾಳೆ, ನನ್ನ ಸರದಿ ಬಂತು.

ನತಾಲಿನ್ ಬಸ್ತ್ಯಾಂವ್ ಸಿದ್ದಿ