ಮೂರು ವಿಮಾನದ ದೂರ

೧೧ ಮಾರ್ಚ್ ೨೦೧೪, ಜಾನ್ಸನ್‌ವಿಲ್
ದತ್ತು ವಿಚಾರಕ್ಕೆ ಸೋಷಿಯಲ್ ವರ್ಕರ್ ಮೂರನೆಯ ಸಲ ಬಂದುಹೋದಳು. ಬಾತ್‌ರೂಮು, ಮೆಟ್ಟಿಲು, ಔಷಧಿಯ ಕಪಾಟು — ಎಲ್ಲ ನೋಡಿದಳು. ಮಗು ನಿಮ್ಮನ್ನು ಇಷ್ಟಪಡದಿದ್ದರೆ? ಎಂದಳು. ಹರ್ಷ ಏನೋ ಚೆನ್ನಾಗಿಯೇ ಉತ್ತರಿಸಿದ. ನಾನು ಔಷಧಿಯ ಕಪಾಟು ಮತ್ತೆ ಮುಚ್ಚಿದೆ.

೨ ಜುಲೈ, ಕಝಾಕ್‌ಸ್ತಾನ
ಅನಾಥಾಲಯದಲ್ಲಿ ಆರನೆಯ ದಿನ. ಕೋರ್ಟಿಗೆ ಮುಂಚೆ ಎರಡು ವಾರ ಮಗುವಿನ ಜೊತೆ ಕಳೆಯಬೇಕಂತೆ. ಅಸೆಲ್‌ಗೆ ನಾಲ್ಕು ವರ್ಷ. ಹರ್ಷನ ವಾಚ್ ಬಿಚ್ಚುತ್ತಾಳೆ, ಕಟ್ಟುತ್ತಾಳೆ. ಇವತ್ತು ನನ್ನ ಮಡಿಲಲ್ಲಿ ನಿದ್ದೆಹೋದಳು. ಕಾಲು ಜೋಮು ಹಿಡಿದರೂ ಅಲುಗಲಿಲ್ಲ.

೬ ಜುಲೈ, ಭಾನುವಾರ
ಗೇಟಿನ ಬಳಿ ಒಬ್ಬ ಮುದುಕಿ. ಅಸೆಲ್ ಓಡಿಹೋಗಿ ತಬ್ಬಿಕೊಂಡಳು. "ಅಝೆ, ಅಝೆ." ನನಗೆ ಅಜ್ಜಿ ಎಂದೇ ಕೇಳಿಸಿತು. ಅರ್ಥವೂ ಅದೇ ಅಂತೆ. ಫೈಲಿನಲ್ಲಿ ಬರೀ ಒಂದು ಒಪ್ಪಿಗೆಯ ಸಹಿಯಾಗಿದ್ದವಳು. ಮಗಳು, ಅಂದರೆ ಅಸೆಲ್‌ಳ ತಾಯಿ, ತೀರಿಕೊಂಡಿದ್ದಾಳೆ; ಇವಳ ಕಣ್ಣು ಮಂಜಾಗುತ್ತಿದೆ. ಪ್ರತಿ ಭಾನುವಾರ ಬರುತ್ತಾಳೆ.
ದುಭಾಷಿಯ ಮೂಲಕ ಕೇಳಿದಳು: "ನಿಮ್ಮೂರಿಗೆ ಬಸ್ಸಲ್ಲಿ ಎಷ್ಟು ಹೊತ್ತು?"
ದುಭಾಷಿ ನೆಲ ನೋಡಿದಳು. ಸಹಿ ಹಾಕಿಸಿಕೊಂಡವರು 'ಬೇರೆ ಊರು' ಎಂದಷ್ಟೇ ಹೇಳಿದ್ದರಂತೆ...
ಸಂಜೆ ಹರ್ಷ: "ಐದು ವರ್ಷ ಕಾದಿದೀವಿ, ಅರು. ಈಗ ಹೇಳಿದ್ರೆ ಅಜ್ಜಿ ಬೇಡ ಅಂತಾರೆ."
"ಹೇಳ್ದೇ ಇದ್ರೆ ಕದ್ಕೊಂಡು ಹೋದ ಹಾಗಲ್ವಾ?"
ಇಬ್ಬರೂ ಊಟ ಮಾಡಲಿಲ್ಲ.

೭ ಜುಲೈ
ದುಭಾಷಿಯನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೋದೆವು. ಹರ್ಷನೂ ಬಂದ. ನಾನೇ ಹೇಳಿದೆ — ಬಸ್ಸಿಲ್ಲ, ಮೂರು ವಿಮಾನ, ಸಮುದ್ರದಾಚೆ. ಚಹಾ ಬಗ್ಗಿಸುತ್ತಿದ್ದವಳು ನಿಲ್ಲಿಸಿದಳು. ಯೋಚಿಸುತ್ತೇನೆ, ಎಂದಳು. ಅಷ್ಟೇ.

೨೧ ಜುಲೈ
ಕೋರ್ಟು. ಅಜ್ಜಿ ಬಂದಿದ್ದಳು. ಹದಿನಾಲ್ಕು ದಿನ ಉಸಿರು ಬಿಗಿಹಿಡಿದಿದ್ದೆವು.
ಜಡ್ಜ್ ಕೇಳಿದಾಗ ಹೇಳಿದಳು: "ಕಣ್ಣು ಪೂರ್ತಿ ಹೋಗೋ ಮುಂಚೆ ಕಳಿಸಿ. ಅವಳು ಹೋಗೋದನ್ನ ನಾನು ನೋಡ್ಬೇಕು."
ಹರ್ಷ ಅತ್ತ. ನಾನಲ್ಲ.

೧೪ ಅಕ್ಟೋಬರ್, ಜಾನ್ಸನ್‌ವಿಲ್
ಅಸೆಲ್ ಬಂದು ಮೂರು ವಾರ. ಕಚ್ಚುತ್ತಾಳೆ. ಅನ್ನ ಮುಟ್ಟುವುದಿಲ್ಲ, ಮೊಸರು ಮಾತ್ರ. ಅಜ್ಜಿಗೆ ಸ್ಕೈಪ್ ಮಾಡಿದರೆ ಸೋಫಾದ ಹಿಂದೆ ಕೂರುತ್ತಾಳೆ. ಪರವಾಗಿಲ್ಲ, ಉಸಿರು ಕೇಳಿಸುತ್ತೆ ಅನ್ನುತ್ತಾಳೆ ಅಜ್ಜಿ.

೩೦ ಅಕ್ಟೋಬರ್, ಸಂಜೆ
ಅಸೆಲ್ ತಟ್ಟೆ ಒಡೆದಳು. ಚೂರು ಎತ್ತಿ ತಿರುಗಿದರೆ ಜಾಕೆಟ್ ಹಾಕಿಕೊಂಡು, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ವಾಪಸ್ ಕಳಿಸುತ್ತೇನೆಂದುಕೊಂಡಳೋ, ತಾನೇ ಹೊರಟಳೋ. ನಾನೂ ಜಾಕೆಟ್ ಹಾಕಿಕೊಂಡು ಪಕ್ಕದಲ್ಲಿ ಕೂತೆ.
ಟ್ರೇನಿಳಿದು ಹರ್ಷ ಬಂದ. "ಎಲ್ಲಿಗೆ?"
"ಗೊತ್ತಿಲ್ಲ. ಇವಳ ಜೊತೆ."
ಅವನೂ ಬ್ಯಾಗಿಟ್ಟು ಕೂತ. ಮೂವರೂ ಹೊಸ್ತಿಲಲ್ಲಿ, ಗಾಳಿಗೆ. ಅರ್ಧ ಗಂಟೆಯಾದ ಮೇಲೆ ಜಾಕೆಟ್ ಬಿಚ್ಚಿದಳು. ಮೊದಲು ನನ್ನದು. ಆಮೇಲೆ ತನ್ನದು.
ಈಗ ಅಡುಗೆಮನೆಯಿಂದ ಏನೋ ಶಬ್ದ. ಫ್ರಿಜ್ ತೆಗೆದಳೇನೋ... ಕರೆಯುತ್ತಿದ್ದಾಳೆ, ನನ್ನನ್ನೇ —